ಬಂಡೆಪ್ಪನನ್ನು ಹೊಗಳಿದ ಕಥೆ

ಮದುವೆಯಾಗಿ ಎಷ್ಟೋ ವರ್ಷವಾದರೂ ಹೆಂಡತಿ ಯಾವಾಗ ಸಿಟ್ಟಾಗಿದ್ದಾಳೆ, ಯಾವಾಗ ಸುಮ್ಮನೆ ಕೂತಿದ್ದಾಳೆ ಎಂದು ಗೊತ್ತಾಗದ ನನ್ನಂಥವನು ಮನಃಶಾಸ್ತ್ರ ಓದಲು ಹೋಗಬಾರದಿತ್ತು. ಆದರೂ ಹೋದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಅಕ್ಕಿ ಗಿರಣಿಯ ಮ್ಯಾನೇಜರ್. ಕೆಲಸಗಾರರ ಮನಸ್ಸು ಗೆಲ್ಲುವ ಶಾಸ್ತ್ರವನ್ನು ಅಂಚೆಯ ಮೂಲಕ ಕಲಿಸುತ್ತಾರೆಂದು ತಿಳಿದು ಫೀಸು ಕಟ್ಟಿಯೇಬಿಟ್ಟೆ. "ಮೊದಲ ನನ್ನ ಮನಸ್ಸು ಗೆಲ್ರಿ, ಸಂತಿಗೆ ಹೋಗಿ ಕಾಯಿಪಲ್ಯ ತರ್ರಿ" ಎಂದಳು ಹೆಂಡತಿ. ಓದುವವರಿಗೆ ಇಂಥ ಅಡ್ಡಿಗಳು ಇದ್ದದ್ದೇ.

ಚೆನ್ನಾಗಿ ದುಡಿಯುವವನನ್ನು ಎಲ್ಲರೆದುರು ಹೊಗಳಿ, ಉಳಿದವರಿಗೂ ಹುರುಪು ಬರುತ್ತದೆ ಎಂದಿತ್ತು ಪಾಠದಲ್ಲಿ. ನಮ್ಮಲ್ಲಿ ಹಮಾಲರ ಒಂದು ಟೋಳಿ ಇತ್ತು. ಮಾನ್ವಿಯಿಂದ ಭತ್ತದ ಲಾರಿ ಬಂದರೆ ಎಲ್ಲರೂ ಕೂಡಿ ಇಳಿಸುವುದು, ಕೂಲಿಯನ್ನು ಸಮನಾಗಿ ಹಂಚಿಕೊಳ್ಳುವುದು, ಮಧ್ಯಾಹ್ನ ಎಲ್ಲರ ಬುತ್ತಿ ಒಂದೇ ಕಡೆ ಬಿಚ್ಚಿ ಸುತ್ತ ಕೂತು ಉಣ್ಣುವುದು. ಯಾರು ಎಷ್ಟು ಚೀಲ ಹೊತ್ತರೆಂದು ಯಾರೂ ಕೇಳುವಂತಿರಲಿಲ್ಲ. ಟೋಳಿಯ ಮುಖಂಡ, ಮುದುಕ ಮುಕದ್ದಮ ಭೀಮಣ್ಣ ಚೀಲ ಮುಟ್ಟದೆ ಬರೀ ಬಾಯಿ ಮಾಡುತ್ತಿದ್ದರೂ ಅವನಿಗೂ ಪಾಲಿತ್ತು. "ಬರ್ರಿ ಸಾಹೇಬ್ರ, ಮ್ಯಾನೇಜರಿಗೆ ಹಸಿವಿ ಆಗಂಗಿಲ್ಲೇನು?" ಎಂದು ಕೂಗಿ ನನ್ನನ್ನೂ ನಡುವೆ ಕೂರಿಸಿಕೊಂಡು ರೊಟ್ಟಿ, ಪುಂಡಿಪಲ್ಯ ಕೊಡುತ್ತಿದ್ದರು. ದೇವದುರ್ಗದಿಂದ ಬಂದ ಬಂಡೆಪ್ಪನಿಗಂತೂ ಹಿಂದೆ ಮುಂದೆ ಯಾರೂ ಇರಲಿಲ್ಲ, ಆ ಟೋಳಿಯೇ ಮನೆ. ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದ.

ನನ್ನ ಕಣ್ಣು ಅವನ ಮೇಲೆ ಬಿತ್ತಲ್ಲ, ಅವನ ಗ್ರಹಚಾರ! ಒಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಅವನ ಕೊರಳಿಗೆ ಹಾರ ಹಾಕಿ, "ಬಂಡೆಪ್ಪನ್ನ ನೋಡಿ ಕಲೀರಿ. ಇವನೊಬ್ಬ ಇದ್ರ ಸಾಕು, ಗಿರಣಿ ನಡೀತದ" ಎಂದೆ. ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಬಂಡೆಪ್ಪ ತಲೆ ತಗ್ಗಿಸಿ ನಿಂತಿದ್ದ.

ಲಾರಿ ಬಂತು, ಯಾರೂ ಏಳಲಿಲ್ಲ. "ಒಬ್ಬ ಇದ್ರ ಸಾಕಂತ ಸಾಹೇಬ್ರು ಅಂದಾರ. ಇಳಸಲಿ" ಎಂದ ಭೀಮಣ್ಣ. ಮಧ್ಯಾಹ್ನ ಎಲ್ಲರೂ ಒತ್ತಿ ಒತ್ತಿ ಕೂತರು, ಬಂಡೆಪ್ಪನಿಗೆ ಜಾಗ ಬಿಡಲಿಲ್ಲ. ಅವನು ನಳದ ನೀರು ಕುಡಿದು ಮೂಲೆಯಲ್ಲಿ ಮಲಗಿದ. ಮರುದಿನವೂ ಅದೇ ಕಥೆ. ಸಂಜೆ ಗಂಟು ಕಟ್ಟಿಕೊಂಡು ನನ್ನ ಬಳಿ ಬಂದ. "ನಾ ಏನ್ ತಪ್ಪು ಮಾಡಿದ್ದೆ ಅಂತ ಹಾರ ಹಾಕಿದ್ರಿ ಯಪ್ಪಾ? ನಾ ಊರಿಗೆ ಹೊಕ್ಕೀನಿ." ಒಂದು ದಿನ ತಡಿ ಎಂದು ಅವನನ್ನು ನಿಲ್ಲಿಸಿ, ಇವನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಭೀಮಣ್ಣನ ಮುಂದೆ ಕೈಮುಗಿದೆ.

"ಹಂಗಾದ್ರ ನಾಳಿ ಎಲ್ಲಾರ ಮುಂದ ಅವನಿಗೆ ಬೈರಿ" ಎಂದ ಮುದುಕ.

ನನ್ನ ಪಾಠಗಳಲ್ಲಿ ಬೈಯುವ ಅಧ್ಯಾಯವೇ ಇರಲಿಲ್ಲ. ಮರುದಿನ ಮಧ್ಯಾಹ್ನ ದೇವರ ಮೇಲೆ ಭಾರ ಹಾಕಿ ಶುರು ಮಾಡಿದೆ: "ಲೇ ಬಂಡ್ಯಾ! ಸೊಕ್ಕು ಬಂದದೇನಲೇ ನಿನಗ? ಈ ಮಂದಿ ಇಲ್ಲಂದ್ರ ಒಂದು ಚೀಲಾನಾದ್ರೂ ಎತ್ತತೀಯೇನಲೇ?" ಬೈದಷ್ಟೂ ಬಂಡೆಪ್ಪನ ಮುಖ ಅರಳಿತು. ಯಾರೋ ಕಿಸಕ್ಕನೆ ನಕ್ಕರು. ಯಾರೋ ಸರಿದು ಜಾಗ ಮಾಡಿದರು. "ಬಾರಲೇ, ಉಣ್ಣು ಬಾ."

ನನಗೂ ಖುಷಿಯಾಗಿ ಅವನ ಹಿಂದೆಯೇ ಕೂರಲು ಹೋದೆ. ಭೀಮಣ್ಣ ದಡಕ್ಕನೆ ಎದ್ದು ನಿಂತ. "ಮಂದಿಗೆ ಬೈಯೋ ಸಾಹೇಬ್ರು ನಮ್ಮ ಜೋಡಿ ನೆಲಕ್ಕ ಕುಂದರಬಾರದ್ರಿ. ನೀವು ಆಫೀಸಿನ್ಯಾಗ ಕುರ್ಚಿ ಮ್ಯಾಲ ಕುಂದರ್ರಿ ಸಾಹೇಬ್ರ. ಬ್ಯಾರೆ ಕಳಸ್ತೀವಿ."

ರೊಟ್ಟಿ ಬಂತು, ತಟ್ಟೆಯಲ್ಲಿ, ಮೇಲೊಂದು ತಟ್ಟೆ ಮುಚ್ಚಿಕೊಂಡು. ಅಷ್ಟು ಮರ್ಯಾದೆಯ ಊಟ ಅಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ; ಅರ್ಧ ರೊಟ್ಟಿ ತಿಂದು ತಟ್ಟೆ ಮುಚ್ಚಿಟ್ಟೆ. ಮುಂದೆ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಆದರೆ ಬಂಡೆಪ್ಪನಿಗೆ ಬೈದು ಒಳಗೆ ಸೇರಿಸಲು ನಾನಿದ್ದೆ; ನನಗೆ ಬೈಯುವ ಧೈರ್ಯ ಆ ಗಿರಣಿಯಲ್ಲಿ ಯಾರಿಗೂ ಇರಲಿಲ್ಲ.