ಮೂವರು ಪಾಣಿಗಳು, ಒಬ್ಬ ಪಿಳ್ಳಪ್ಪ

ಸತ್ಯಭಾಮಾ: ಆಗಲ್ಲ ಸಾರ್. ಆಫೀಸಲ್ಲಿ ಇರೋದೇ ಇಬ್ರು. ‘ನುರಿತ ತಜ್ಞರ ತಂಡ’ ಅಂತ ಹೇಗೆ ಟೈಪ್ ಮಾಡ್ಲಿ?

ನಾನು: ಇಬ್ರು ಸೇರಿದ್ರೆ ತಂಡ ಅಲ್ವೇನ್ರೀ?

ಸತ್ಯಭಾಮಾ: ಫಾರಂನಲ್ಲಿ ಐದು ಹೆಸರು ಕೇಳಿದಾರೆ. ಯಾರಿಗೆ ಯಾವುದರಲ್ಲಿ ಪರಿಣತಿ ಅಂತಾನೂ ಬರೀಬೇಕಂತೆ.

ಇದು ಎಂಬತ್ತೆರಡರ ಮಾತು. ತಿಲಕ್ ನಗರದ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ‘ಚಕ್ರಪಾಣಿ ಅಂಡ್ ಅಸೋಸಿಯೇಟ್ಸ್’ ಎಂಬ ಇಂಜಿನಿಯರಿಂಗ್ ಸಂಸ್ಥೆ ನಡೆಸುತ್ತಿದ್ದೆ. ಚಕ್ರಪಾಣಿ ಅಂದರೆ ನಾನು. ಅಸೋಸಿಯೇಟ್ಸ್ ಇನ್ನೂ ಸಿಕ್ಕಿರಲಿಲ್ಲ. ಟೈಪಿಸ್ಟ್ ಸತ್ಯಭಾಮಾ ಇದ್ದರು. ಎರಡು ವರ್ಷದಲ್ಲಿ ನಾನು ಕಟ್ಟಿಸಿದ್ದು ಒಂದು ಸ್ಕೂಟರ್ ಶೆಡ್ಡು, ಮೂರು ಕಾಂಪೌಂಡ್ ಗೋಡೆ. ಗೋಡೆಗಳಲ್ಲಿ ಎರಡು ಆಗಲೂ ನಿಂತಿದ್ದವು. ಮೂರನೆಯದನ್ನು ಎಮ್ಮೆ ಮೈ ಉಜ್ಜಿ ಬೀಳಿಸಿತು ಎಂದು ಇವತ್ತಿಗೂ ವಾದಿಸುತ್ತೇನೆ.

ಜೆ.ಪಿ. ನಗರದಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗಾಗಿ ಮೂರಂತಸ್ತಿನ ಹಾಸ್ಟೆಲ್ ಕಟ್ಟಿಸಲು ಒಂದು ಮಹಿಳಾ ಸಂಘ ಅರ್ಜಿ ಕರೆದಿತ್ತು. ಅದೂ ಕೈತಪ್ಪಿದರೆ ನಾನು ಬೋರ್ಡು ಇಳಿಸಿ ಭಾವಮೈದುನನ ಮೊಸಾಯಿಕ್ ಅಂಗಡಿಯಲ್ಲಿ ಕೂರಬೇಕಿತ್ತು.

ನಾನು: ಬರ್ಕೊಳ್ಳಿ. ಕಟ್ಟಡ ವಿನ್ಯಾಸ, ಎಂ. ಚಕ್ರಪಾಣಿ. ನೀರು ಸರಬರಾಜು, ಸಿ. ಪಾಣಿ. ಉಸ್ತುವಾರಿ, ಎಂ.ಸಿ. ಪಾಣಿ.

ಸತ್ಯಭಾಮಾ: ಮೂವರೂ ನೀವೇ ಅಲ್ವಾ ಸಾರ್?

ನಾನು: ಕೆಲಸ ಬೇರೆ ಬೇರೆ ತಾನೇ? ಹೆಸರೂ ಬೇರೆ ಇರ್ಲಿ. ನಾಲ್ಕನೇದು, ದಾಖಲೆ ವಿಭಾಗದ ಮುಖ್ಯಸ್ಥೆ, ಸತ್ಯಭಾಮಾ.

ಸತ್ಯಭಾಮಾ: ನನ್ನ ವಿಭಾಗದಲ್ಲಿ ಎಷ್ಟು ಜನ?

ನಾನು: ನೀವೊಬ್ರೇ.

ಸತ್ಯಭಾಮಾ: ಹಾಗಾದ್ರೆ ಶುಕ್ರವಾರ ನನಗೆ ರಜ ಬೇಕು. ಮುಖ್ಯಸ್ಥೆ ಮಂಜೂರು ಮಾಡಿದಾರೆ. ಐದನೇದು?

ಐದನೆಯದು ಮಣ್ಣಿನ ಪರೀಕ್ಷೆ. ತಲೆ ಕೆರೆದುಕೊಂಡೆ. ಅರೆಕೆರೆಯ ಪಿಳ್ಳಪ್ಪ ನೆನಪಾದ. ಅರವತ್ತರ ಆಸುಪಾಸಿನ ಆಸಾಮಿ. ಬಾವಿ ತೋಡುವುದು ಅವನ ಕಸುಬು. ಕಾಂಪೌಂಡ್ ಗೋಡೆಗಳಿಗೆ ಪಾಯ ಅಗೆದಿದ್ದವನು ಅವನೇ.

ನಾನು: ಮಣ್ಣು ತಜ್ಞ, ಶ್ರೀ ಪಿಳ್ಳಪ್ಪ. ಅನುಭವ ನಲವತ್ತು ವರ್ಷ.

ಸತ್ಯಭಾಮಾ: ಓದು?

ನಾನು: ಆ ಜಾಗ ಖಾಲಿ ಬಿಡಿ. ದೊಡ್ಡೋರು ಅದನ್ನೆಲ್ಲ ಹೇಳ್ಕೊಳ್ಳಲ್ಲ.

ಅರ್ಜಿಯ ಜೊತೆಗೆ ನನ್ನ ನಕ್ಷೆಯೂ ಹೋಯಿತು. ನಾಲ್ಕಡಿ ಪಾಯ, ಮೇಲೆ ಮೂರಂತಸ್ತು. ನಾನು ಸೈಟನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದೆ. ನಕ್ಷೆ ಕಳಿಸಿದ ಮೇಲೆ, ಕೇಳಿದರೆ ತೋರಿಸಲು ಇರಲಿ ಎಂದು, ಪಿಳ್ಳಪ್ಪನಿಗೆ ಅಲ್ಲೊಂದು ನಾಲ್ಕಡಿ ಗುಂಡಿ ತೋಡಲು ಹೇಳಿದೆ.

ವಾರ ಕಳೆದು ಒಂದು ಬೆಳಿಗ್ಗೆ, ಹೇಳದೆ ಕೇಳದೆ ಸಂಘದ ಕಾರ್ಯದರ್ಶಿಯೇ ಮೆಟ್ಟಿಲು ಹತ್ತಿ ಬಂದರು. ನಾಗಲಕ್ಷ್ಮಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರು ಕೋಣೆಯನ್ನೊಮ್ಮೆ ನೋಡಿದರು. ನೋಡಿ ಮುಗಿಯಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

ನಾಗಲಕ್ಷ್ಮಮ್ಮ: ಎಂ. ಚಕ್ರಪಾಣಿ ಅಂದ್ರೆ?

ನಾನು: ನಾನೇ ಮೇಡಂ.

ನಾಗಲಕ್ಷ್ಮಮ್ಮ: ಸಿ. ಪಾಣಿ?

ನಾನು: ಅವರು... ಸೈಟಿಗೆ ಹೋಗಿದಾರೆ.

ನಾಗಲಕ್ಷ್ಮಮ್ಮ: ಎಂ.ಸಿ. ಪಾಣಿ?

ಸತ್ಯಭಾಮಾ: ಅವರೂ ಜೊತೆಗೇ ಹೋದ್ರು ಮೇಡಂ. ಒಬ್ಬರನ್ನ ಬಿಟ್ಟು ಒಬ್ಬರು ಇರಲ್ಲ.

ನಾಗಲಕ್ಷ್ಮಮ್ಮ: ಮೂವತ್ತೆರಡು ವರ್ಷ ಪರೀಕ್ಷೆ ಹಾಲ್‌ನಲ್ಲಿ ಕಾಪಿ ಹಿಡಿದೋಳು ನಾನು. ಮೂವರ ಸಹೀಲೂ ‘ಣಿ’ಗೆ ಒಂದೇ ಬಾಲ ಇದೆಯಲ್ರೀ! ಈ ಪಿಳ್ಳಪ್ಪನೂ ನೀವೇನಾ?

ನಾನು: ಇಲ್ಲ ಮೇಡಂ! ಅವರು ನಿಜವಾಗ್ಲೂ ಇದಾರೆ!

ಅಷ್ಟರಲ್ಲಿ ಪಿಳ್ಳಪ್ಪನೇ ಬಂದ. ಮೊಣಕಾಲಿನವರೆಗೂ ಕೆಸರು. ಹೆಗಲಲ್ಲೊಂದು ಗೋಣಿಚೀಲ.

ಪಿಳ್ಳಪ್ಪ: ಸಾಮಿ, ಗುಂಡಿ ಎಂಟಡಿ ಆಯ್ತು.

ನಾನು: ನಾಲ್ಕು ಸಾಕು ಅಂದಿದ್ನಲ್ಲಯ್ಯ!

ಪಿಳ್ಳಪ್ಪ: ನಾಕಡಿಗಂಟ ಕೆಂಪು ಮಣ್ಣು, ಗಟ್ಟಿಯಾಗೇ ಐತೆ. ಆದ್ರೆ ಹಾರೆ ಹಾಕಿದ್ರೆ ಸದ್ದು ಟೊಳ್ಳಾಗಿತ್ತು. ಇನ್ನೂ ಇಳಿದೆ. ನೋಡಿ.

ಅವನು ಗೋಣಿಚೀಲವನ್ನು ನನ್ನ ನಕ್ಷೆಯ ಪ್ರತಿಯ ಮೇಲೆಯೇ ಸುರಿದ. ಕಪ್ಪು ಹೂಳು. ನಡುವೆ ಬಸವನಹುಳುವಿನ ಬಿಳಿ ಚಿಪ್ಪುಗಳು.

ಪಿಳ್ಳಪ್ಪ: ಅದು ನೀರು ನಿಲ್ತಿದ್ದ ಕುಂಟೆ ಸಾಮಿ. ನಾನು ಚಿಕ್ಕೋನಿದ್ದಾಗ ಎಮ್ಮೆ ಮೈ ತೊಳೀತಿದ್ವಿ. ಯಾರೋ ಮೇಲೆ ಕೆಂಪು ಮಣ್ಣು ತುಂಬಿ ಮಟ್ಟ ಮಾಡವ್ರೆ.

ನಲವತ್ತು ಹುಡುಗಿಯರು ಮಲಗುವ ಮೂರಂತಸ್ತನ್ನು ನಾನು ಒಂದು ಕುಂಟೆಯ ಮೇಲೆ ನಿಲ್ಲಿಸಲು ಹೊರಟಿದ್ದೆ. ಈ ಸಲ ತಪ್ಪು ಹೊರಿಸಲು ಎಮ್ಮೆಯೂ ಸಿಗುತ್ತಿರಲಿಲ್ಲ. ಏನಾದರೂ ಹೇಳಿ ಜಾರಿಕೊಳ್ಳೋಣವೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಸತ್ಯಭಾಮಾ ನನ್ನನ್ನೇ ನೋಡುತ್ತಿದ್ದರು.

ನಾನು: ಮೇಡಂ, ನನ್ನ ನಕ್ಷೆ ತಪ್ಪು. ನಾನು ಸೈಟಿಗೆ ಕಾಲಿಟ್ಟೇ ಇಲ್ಲ. ದಯವಿಟ್ಟು ಇದರ ಪ್ರಕಾರ ಕಟ್ಟಿಸಬೇಡಿ. ಅರ್ಜಿ ವಾಪಸ್ ತಗೋತೀನಿ.

ನಾಗಲಕ್ಷ್ಮಮ್ಮ: ಅರ್ಜಿ ಹಾಕಿದ ಬೇರೆ ಇಬ್ರು ಇಂಜಿನಿಯರ್‌ಗಳೂ ನಾಲ್ಕಡಿ ಅಂತಾನೇ ಬರೆದಿದಾರೆ. ಅದು ತಪ್ಪು ಅಂತ ಅವರಿಗೆ ಹೇಳೋಕೆ ಯಾರಿದಾರೆ?

ನಾನು: ಗೊತ್ತಿಲ್ಲ ಮೇಡಂ.

ನಾಗಲಕ್ಷ್ಮಮ್ಮ: ಪಿಳ್ಳಪ್ಪನವರೇ, ಗಟ್ಟಿ ನೆಲ ಎಷ್ಟಡಿಗೆ ಸಿಗುತ್ತೆ?

ಪಿಳ್ಳಪ್ಪ: ಹನ್ನೆರಡೋ ಹದಿಮೂರೋ ಅಮ್ಮೋರೆ. ತೋಡಿ ನೋಡ್ದೆ ಸುಳ್ಳು ಹೇಳಾಕಿಲ್ಲ.

ನಾಗಲಕ್ಷ್ಮಮ್ಮ ಪೆನ್ನು ತೆಗೆದು ಅರ್ಜಿಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ನನ್ನದು, ನನ್ನದು, ಮತ್ತೆ ನನ್ನದು. ಸತ್ಯಭಾಮಾ ಹೆಸರಿನ ಮುಂದೆ ‘ಟೈಪಿಂಗ್ ಚೆನ್ನಾಗಿದೆ’ ಎಂದು ಬರೆದರು. ಪಿಳ್ಳಪ್ಪನ ಹೆಸರನ್ನು ಹಾಗೇ ಬಿಟ್ಟರು.

ನಾಗಲಕ್ಷ್ಮಮ್ಮ: ಕೆಲಸ ಪಿಳ್ಳಪ್ಪನವರ ಕಂಪನಿಗೆ. ನಕ್ಷೆ ಬರೆಯೋಕೆ ಅವರಿಗೆ ಒಬ್ಬರು ಬೇಕಾಗುತ್ತೆ. ಬರ್ತೀರಾ?

ನಾನು: ಬರ್ತೀನಿ ಮೇಡಂ.

ಮಾರನೆಯ ಬೆಳಿಗ್ಗೆ ಸೈಟಿನಲ್ಲಿ ಗುಂಡಿ ಹನ್ನೆರಡಡಿಗೆ ಇಳಿದಿತ್ತು. ಪಿಳ್ಳಪ್ಪ ಏಣಿ ಹಿಡಿದು ನಿಂತಿದ್ದ. ನಾಗಲಕ್ಷ್ಮಮ್ಮ ಕೊಡೆ ಹಿಡಿದು ಅಂಚಿನಲ್ಲಿ ನಿಂತಿದ್ದರು.

ಪಿಳ್ಳಪ್ಪ: ಇಳೀರಿ ಸಾಮಿ.

ನಾನು: ನಾನಾ? ಹೊಸ ಟೆರಿಲಿನ್ ಪ್ಯಾಂಟು ಕಣಯ್ಯ.

ಪಿಳ್ಳಪ್ಪ: ಮಡಚ್ಕೊಳಿ.

ಮಡಚಿಕೊಂಡು ಇಳಿದೆ. ಇಂಜಿನಿಯರಾದ ಹನ್ನೆರಡು ವರ್ಷದಲ್ಲಿ ನಾನು ಗುಂಡಿಗೆ ಇಳಿದಿದ್ದು ಅದೇ ಮೊದಲು.

ಪಿಳ್ಳಪ್ಪ: ತಳ ಮುಟ್ಟಿ. ಏನನ್ನಿಸ್ತದೆ?

ನಾನು: ತಣ್ಣಗಿದೆ.

ಪಿಳ್ಳಪ್ಪ: ಅದು ನೆರಳಿಗೆ. ಮಣ್ಣು ಹೆಂಗೈತೆ?

ನಾನು: ಗಟ್ಟಿ... ಇದೆ ಅನ್ಸುತ್ತೆ. ಅಲ್ವಾ?

ನಾಗಲಕ್ಷ್ಮಮ್ಮ ಅಂಚಿನಿಂದ ಬಗ್ಗಿ ನೋಡಿದರು.

ನಾಗಲಕ್ಷ್ಮಮ್ಮ: ಹೇಗಿದಾರೆ ಪಿಳ್ಳಪ್ಪನವರೇ, ನಿಮ್ಮ ಇಂಜಿನಿಯರು?

ಪಿಳ್ಳಪ್ಪ: ಹೊಸಬ್ರು ಅಮ್ಮೋರೆ. ಎರಡು ಮಳೆಗಾಲ ಕಳೀಲಿ, ಆಮ್ಯಾಕೆ ಕೈಗೆ ಹಾರೆ ಕೊಡ್ತೀನಿ.