ನಾನು ಹೊಲಿದಿದ್ದು, ಮಗಳು ಬಿಚ್ಚಿದ್ದು

ನಮ್ಮನೆಯಲ್ಲಿ ಹೊಲಿಗೆ ಮಿಷಿನ್ ಚಕ್ರ ತಿರುಗಿತು ಅಂದರೆ ಏನಾದರೂ ಒಂದು ಎಡವಟ್ಟು ಆಗಲೇಬೇಕು. ಮಗಳಿಗೆ ಎರಡೂವರೆ ವರ್ಷ. ಅಂಗಡಿಯಿಂದ ತಂದ ಫ್ರಾಕು ಮೂರೇ ತಿಂಗಳಿಗೆ ಗಿಡ್ಡ. "ಗೇಣುದ್ದ ಬಟ್ಟೆಗೆ ಅಷ್ಟೊಂದು ದುಡ್ಡಾ? ಇನ್ಮೇಲೆ ನಾನೇ ಹೊಲೀತೀನಿ" ಅಂತ ಒಂದು ದಿನ ಜಂಬ ಕೊಚ್ಚಿಬಿಟ್ಟೆ. ಹೊಲಿಗೆ ಕಲಿತಿದ್ದೆನಾ? ಎಲ್ಲಿಂದ! ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ, ಅಷ್ಟೆ.

ಮಿಷಿನ್ ನಮ್ಮತ್ತೆಯದು, ಕಾಲಲ್ಲಿ ತುಳಿಯೋದು. ಅವರ ಕಣ್ಣು ಮಂಜಾದ ಮೇಲೆ ಅದರ ಮೇಲೆ ಮಡಚದ ಬಟ್ಟೆಗಳ ಗುಡ್ಡೆ ಕೂತಿತ್ತು. ಚಿಂತಾಮಣಿಯಲ್ಲಿರೋ ನಾದಿನಿ ಬಂದಾಗೆಲ್ಲ ಅದನ್ನ ಸವರಿ ಹೋಗೋಳು. "ಹೊಲಿ ನೋಡಣ. ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಮಗಳ ಮನೆಗೆ ಕಳಿಸ್ತೀನಿ" ಅಂದರು ಅತ್ತೆ. ನನಗೋ ಆ ಮಿಷಿನ್ ಬೇಕೇ ಬೇಕಿತ್ತು. ಅದರ ಮುಂದೆ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ.

ಮುದುರಿದ ಅಳತೆ

ಒಂದು ನಿಮಿಷ ನಿಲ್ಲದ ಮಗುವಿಗೆ ಟೇಪು ಹಿಡಿಯೋದು ಹೇಗೆ? ಮಧ್ಯಾಹ್ನ ಅವಳು ಮಲಗಿದ್ದಾಗ ಉಸಿರು ಬಿಗಿಹಿಡಿದು ಅಳತೆ ತಗೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡು ದಿನ ಕೂತು ಹೊಲಿದು ಹಾಕಿದರೆ, ಮಂಡಿಗೆ ಬರಬೇಕಾದ ಫ್ರಾಕು ಹೊಟ್ಟೆಗೇ ನಿಂತಿದೆ!

ಪಕ್ಕದ ಮನೆ ಆಪಾ ಊರಿಗೆಲ್ಲ ಬ್ಲೌಸ್ ಹೊಲಿಯೋರು. ಮಗಳನ್ನ ಎತ್ತಿಕೊಂಡು ಅವರ ಹತ್ತಿರ ಓಡಿದೆ.

"ಅಳತೆ ಯಾವಾಗ ತಗೊಂಡೆ?"

"ಮಲಗಿದ್ದಾಗ ಆಪಾ."

"ಹೆಂಗೆ ಮಲಗಿದ್ಲು?"

"ಮುದುರ್ಕೊಂಡು..."

ಆಪಾ ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ಉಗಿದು ನಕ್ಕರು. "ಹಂಗಾದ್ರೆ ತಪ್ಪೇನಿಲ್ಲ ಬಿಡಮ್ಮ, ಬಟ್ಟೆ ಸರಿಯಾಗೇ ಅದೆ. ಇವಳೇ ಎದ್ದು ನಿಂತು ಹಾಳು ಮಾಡ್ಬಿಟ್ಲು."

ಗೀರು ಶರ್ಟು

ಹೊಸ ಬಟ್ಟೆ ಕತ್ತರಿಸೋಕೆ ಧೈರ್ಯ ಬರಲಿಲ್ಲ. ಹಳೇದು ಅಂತ ಬೀರು ತಳದಲ್ಲಿದ್ದ ನಮ್ಮ ಯಜಮಾನರ ನೀಲಿ ಗೀರಿನ ಶರ್ಟು ತೆಗೆದು ಒಂದು ಮುದ್ದಾದ ಗೌನು ಮಾಡಿದೆ. ಜೇಬನ್ನ ಹಾಗೇ ಬಿಟ್ಟೆ, ಮಗು ಕಡ್ಲೆಪುರಿ ಇಟ್ಕೊಳ್ಳಲಿ ಅಂತ.

ಸಂಜೆ ಯಜಮಾನರು ಬಂದು ಮಗಳನ್ನ ಎತ್ತಿಕೊಂಡರು. "ಬಟ್ಟೆ ಭಾಳ ಚೆನ್ನಾಗಿದೆಯಲ್ಲೇ! ಇಂಥದ್ದೇ ಒಂದು ಶರ್ಟು ನಂಗೂ ಇತ್ತು ಕಣೇ, ಎಲ್ಲೋಯ್ತು?" ಅಂದರು. ನಾನು ಒಲೆ ಕಡೆ ತಿರುಗಿಕೊಂಡೆ. ಅವರಿಗೆ ಅರ್ಥವಾಗೋಕೆ ಇಡೀ ಒಂದು ಲೋಟ ಕಾಫಿ ಖಾಲಿಯಾಗಬೇಕಾಯಿತು.

"ಅಯ್ಯೋ! ಅದು ನನ್ನ ಒಳ್ಳೇ ಶರ್ಟು ಕಣೇ! ಒಂದು ಮಾತು ಕೇಳ್ಬಾರ್ದಾ?"

ಅಷ್ಟರಲ್ಲಿ ಮಗಳು ಜೇಬಿಗೆ ಕೈ ಹಾಕಿ ಮಡಚಿದ ಚೀಟಿಯೊಂದನ್ನ ತೆಗೆದು ನನಗೆ ಕೊಟ್ಟಳು. ನನ್ನದೇ ಕೈಬರಹ. ಯುಗಾದಿಗೆ ಸಾಮಾನು ತನ್ನಿ ಅಂತ ಬರೆದುಕೊಟ್ಟಿದ್ದ ಪಟ್ಟಿ! "ಬಸ್ಸಲ್ಲಿ ಎಲ್ಲೋ ಬಿದ್ದೋಯ್ತು, ದೇವರಾಣೆ" ಅಂತ ಬರಿಗೈಯಲ್ಲಿ ಬಂದಿದ್ದರು ಮಹಾರಾಯರು. ಚೀಟಿಯನ್ನ ಅವರ ಕೈಗಿಟ್ಟೆ.

ಅವರು ಓದಿ, ಮಡಚಿ, ಗಂಟಲು ಸರಿಮಾಡಿಕೊಂಡು, "ಆ ಬಿಳೀ ಶರ್ಟೂ ಹಳೇದಾಗಿದೆ ನೋಡು, ಬೇಕಾದ್ರೆ ತಗೋ" ಅಂದರು.

ಬೆನ್ನ ಮೇಲಿನ ಗುಂಡಿ

ಹೊಲಿಗೆ ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಮಗಳು ಹೊಸ ವಿದ್ಯೆ ಕಲಿತಳು. ಮೈಮೇಲೆ ಬಟ್ಟೆ ನಿಲ್ಲಿಸಳು. ಹಾಕಿದ ಐದು ನಿಮಿಷಕ್ಕೆ ಗುಂಡಿ ಬಿಚ್ಚಿ ಎಸೆದು ಓಟ. "ನಿನ್ನ ಹೊಲಿಗೆ ಚುಚ್ತದೆ, ಅದಕ್ಕೇ" ಅಂದರು ಅತ್ತೆ. ನನಗೆ ಅಳು ಬರೋದೊಂದು ಬಾಕಿ. ಇರು ನಿಂಗೆ ಅಂತ ಗುಂಡಿಗಳನ್ನೆಲ್ಲ ಬೆನ್ನ ಮೇಲೆ ಹೊಲಿದೆ. ಈಗ ಬಿಚ್ಚು ನೋಡಣ!

ಒಂದೇ ದಿನ. ಮಾರನೇ ದಿನದಿಂದ ಕಂಡಕಂಡವರ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತು "ಬಿಚ್ಚು" ಅನ್ನೋಕೆ ಶುರು ಮಾಡಿದಳು. ಮಗು ಅಷ್ಟು ಮುದ್ದಾಗಿ ಕೇಳಿದರೆ ಯಾರು ಇಲ್ಲ ಅಂತಾರೆ? ಹಾಲು ಹಾಕೋನು ಬಿಚ್ಚಿದ. ತರಕಾರಿಯವಳು ಬಿಚ್ಚಿದಳು. ಕರೆಂಟ್ ಮೀಟರ್ ನೋಡೋಕೆ ಬಂದ ಯಪ್ಪ ಬಿಲ್ ಮಿಷಿನ್ ಕಂಕುಳಲ್ಲಿ ಇಟ್ಕೊಂಡು ನಾಲ್ಕೂ ಗುಂಡಿ ಬಿಚ್ಚಿ, ಬಟ್ಟೆ ಮಡಚಿ ನನ್ನ ಕೈಗೆ ಕೊಟ್ಟ. ಆಮೇಲೆ ಕೇಳಿದ, "ಮೀಟರ್ ಎಲ್ಲಿದೆ ಅಮ್ಮ?"

ಹುಳ

ಅಂಗನವಾಡಿಯಲ್ಲಿ ಮಕ್ಕಳ ವೇಷ ಸ್ಪರ್ಧೆ ಅಂದರು. ಶಿಡ್ಲಘಟ್ಟದಲ್ಲಿ ಇದ್ದುಕೊಂಡು ಇನ್ಯಾವ ವೇಷ? ರೇಷ್ಮೆ ಹುಳ! ಹಳೇ ಪಂಚೆಯಲ್ಲಿ ಉದ್ದ ಚೀಲ ಹೊಲಿದು, ನಡುನಡುವೆ ಎಲಾಸ್ಟಿಕ್ ಕೊಟ್ಟು, ದಿಂಬಿನ ಹತ್ತಿ ತುಂಬಿದೆ. ಬರೀ ಬಿಳಿ ಯಾಕೆ ಅಂತ ಪಂಚೆಯನ್ನ ಮೊದಲೇ ಅರಿಶಿನದ ನೀರಲ್ಲಿ ಅದ್ದಿದ್ದೆ. ಬೆನ್ನಿಗೆ ಹುಕ್ಕು. ಒಳಗೆ ಬಿಳೀ ಬನಿಯನ್ನು, ಬಿಳೀ ಚಡ್ಡಿ, ಅವೂ ನಾನೇ ಹೊಲಿದಿದ್ದು.

ನಮ್ಮತ್ತೆ ದಿಬ್ಬೂರಹಳ್ಳಿಯವರು, ಹುಟ್ಟಿದಾಗಿಂದ ಹುಳ ಸಾಕಿದ ಕೈ. ವೇಷವನ್ನ ಕಣ್ಣ ಹತ್ತಿರ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದರು.

"ಮೈಯೆಲ್ಲ ಊದ್ಕೊಂಡದೆ, ಬಣ್ಣ ಹಳದಿ. ಇದಕ್ಕೆ ಹಾಲುತೊಂಡೆ ರೋಗ ಕಣಮ್ಮ! ನಮ್ಮನೇಲಿ ಇಂಥ ಹುಳಾನ ಆರಿಸಿ ಆಚೆಗೆ ಹಾಕ್ತಿದ್ವಿ."

ಮುಖ ಸಪ್ಪಗಾದರೂ ಹತ್ತಿ ಕಮ್ಮಿ ಮಾಡಿದೆ, ಬಟ್ಟೆ ಒಗೆದು ಬಿಸಿಲಿಗೆ ಹಾಕಿ ಬಣ್ಣ ಇಳಿಸಿದೆ. ಆಗ ಅತ್ತೆ ಕಡೇ ಮಾತು ಹೇಳಿದರು. "ಸ್ಟೇಜ್ ಇಳಿಯೋ ತನಕ ಇದು ಮಗು ಮೈಮೇಲೆ ಇದ್ರೆ ಮಿಷಿನ್ ನಿಂದು. ಬಿಚ್ಚಾಕಿದ್ಲೋ, ಭಾನುವಾರ ಚಿಂತಾಮಣಿಗೆ."

ಆ ದಿನ ಅತ್ತೆ ಮುಂದಿನ ಸಾಲಲ್ಲೇ ಕೂತರು. ತೀರ್ಪು ಕೊಡೋಕೆ ಬಂದಿದ್ದವರು ರೇಷ್ಮೆ ಇಲಾಖೆಯಲ್ಲಿದ್ದು ರಿಟೈರ್ ಆದ ಹಿರಿಯರು. ಮಗಳು ಹಿಪ್ಪುನೇರಳೆ ಸೊಪ್ಪು ಹಿಡಿದು ಸ್ಟೇಜ್ ಮೇಲೆ ಬಂದಳು. ಚಪ್ಪಾಳೆ! "ನಾನು ರೇಷ್ಮೆ ಹುಳ" ಅನ್ನಬೇಕಿತ್ತು. ಜನರನ್ನ ನೋಡಿದಳು. ಸೊಪ್ಪು ನೋಡಿದಳು. ನಿಧಾನಕ್ಕೆ ಟೀಚರಮ್ಮನ ಕಡೆ ಬೆನ್ನು ತಿರುಗಿಸಿದಳು.

"ಬಿಚ್ಚು."

ನಾನು ಕೆಳಗಿಂದಲೇ ಬೇಡ ಬೇಡ ಅಂತ ಕೈ ಬೀಸಿದೆ. ಟೀಚರಮ್ಮ ಇದೂ ಪಾತ್ರದಲ್ಲೇ ಇದೆ ಅಂದುಕೊಂಡು ಟಪಟಪ ಹುಕ್ಕು ಬಿಚ್ಚಿಬಿಟ್ಟರು. ಮಗಳು ಚೀಲದಿಂದ ಕಾಲೆತ್ತಿ ಆಚೆ ಬಂದು, ಬಿಳೀ ಬನಿಯನ್ನಲ್ಲಿ ಕೂತು ಸೊಪ್ಪು ಬಾಯಿಗಿಟ್ಟಳು. ಹೋಯಿತು, ಮಿಷಿನ್ ಚಿಂತಾಮಣಿ ಬಸ್ ಹತ್ತಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ.

ಅಷ್ಟರಲ್ಲಿ ಮುಂದಿನ ಸಾಲಿಂದ ಕೂಗು. ನಮ್ಮತ್ತೆಯದೇ! ಪಂದ್ಯ ಗಿಂದ್ಯ ಎಲ್ಲಾ ಮರೆತು ಎದ್ದು ನಿಂತಿದ್ದಾರೆ. "ಪೊರೆ ಬಿಡ್ತು ನೋಡ್ರೋ! ಹುಳ ಪೊರೆ ಬಿಟ್ಟು ಮೇವಿಗೆ ಕೂತದೆ!"

ತೀರ್ಪುಗಾರರೂ ಎದ್ದರು. "ಹುಳ ಬೆಳೆಯೋದೇ ನಾಲ್ಕು ಸಲ ಪೊರೆ ಬಿಟ್ಟು. ಅದನ್ನ ಇಷ್ಟು ಚಿಕ್ಕ ಮಗುವಿಗೆ ಕಲಿಸಿದಾರಲ್ಲ, ಆ ತಾಯಿ ಯಾರಪ್ಪ?" ಅಂದರು. ಆ ತಾಯಿ ಕಂಬದ ಹಿಂದೆ ನಿಂತು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮೊದಲ ಬಹುಮಾನ ಬಂತು. ಏನು ಅಂತೀರಿ? ಅಂಗಡಿಯ ರೆಡಿಮೇಡ್ ಫ್ರಾಕು! ಟೀಚರಮ್ಮ ಅಲ್ಲೇ ಹಾಕಿ ಕಳಿಸಿದರು. ಗೇಟು ದಾಟೋದರೊಳಗೆ ಮಗಳು ಅದನ್ನೂ ಕಿತ್ತು ಅಜ್ಜಿ ಕೈಗೆ ಎಸೆದಳು.

ಸಿಕ್ಕಿತಲ್ಲ ಅವಕಾಶ! "ಇದು ನಾನು ಹೊಲಿದಿದ್ದಲ್ಲ ಅತ್ತೆ. ಈಗೇನಂತೀರಿ?" ಅಂದೆ.

ಅತ್ತೆ ಫ್ರಾಕನ್ನ ಒಳಗು ಹೊರಗು ತಿರುಗಿಸಿ, ಬೆರಳಲ್ಲಿ ಹೊಲಿಗೆ ಸವರಿ ಮುಖ ಸಿಂಡರಿಸಿದರು. "ಅಂಗಡಿಯೋರಿಗೆ ಹೊಲಿಗೆ ಎಲ್ಲಿ ಬರ್ತದೆ? ಚುಚ್ತದೆ ಮಗೂಗೆ. ಮನೆಗೆ ಹೋದ ತಕ್ಷಣ ಪೂರ್ತಿ ಬಿಚ್ಚಿ, ನಿನ್ನ ಮಿಷಿನ್‌ನಲ್ಲಿ ಇನ್ನೊಂದ್ಸಲ ಹೊಲಿ."