ಮುಂಬಯಿಯಲ್ಲಿ ನಮ್ಮ ದಿನಗಳನ್ನು ನಿಗದಿಪಡಿಸಿದ ಚಂದ್ರಿಯವರಿಗೆ

ಇವರಿಗೆ,
ಶ್ರೀಮತಿ ಚಂದ್ರಿಯವರು,
ಸೀಮೆ ಹಸು, ಎಡಗಡೆಯ ಗೂಟ,
ಕೋದಂಡರಾಮಪ್ಪನವರ ಕೊಟ್ಟಿಗೆ, ವಕ್ಕಲೇರಿ.

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ, ಅದರಲ್ಲೂ ವಿಶೇಷವಾಗಿ ಒದೆಯಲು ಬಳಸುವ ಹಿಂದಿನ ಬಲಪಾದಕ್ಕೆ, ನನ್ನ ನಮಸ್ಕಾರಗಳು. ನಾನು ಕ್ಷೇಮ. ತಮ್ಮ ಕ್ಷೇಮವು ದಿನಕ್ಕೆರಡು ಹೊತ್ತು ಡೈರಿಯ ಯಂತ್ರದಲ್ಲಿ ಅಳತೆಯಾಗಿ ಬರುತ್ತಿರುವುದರಿಂದ ಅದನ್ನು ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯ ಕಾಣುವುದಿಲ್ಲ.

ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಕಳೆದ ವಾರ ತಮ್ಮ ಕೊಟ್ಟಿಗೆಯ ನೆಲದಲ್ಲಿ ಹಾಲು ಚೆಲ್ಲಿದ್ದೂ, ಅದಕ್ಕಾಗಿ ನಮ್ಮ ತಾಯಿಯವರು ಪಕ್ಕದ ಮನೆ ಮುನಿಯಲ್ಲಪ್ಪನವರ ಬೆಕ್ಕಿಗೆ ಪೊರಕೆಯಿಂದ ಶಿಕ್ಷೆ ವಿಧಿಸಿದ್ದೂ ತಮ್ಮ ಕಣ್ಣೆದುರೇ ನಡೆದದ್ದು. ಆ ಬೆಕ್ಕು ನಿರಪರಾಧಿ. ಹಾಲು ಚೆಲ್ಲಿಸಿದವನು ನಾನು. ತಮ್ಮನ್ನು ಕೈಯಿಂದ ಮುಟ್ಟದೆಯೇ ಚೆಲ್ಲಿಸಿದೆ. ಹೇಗೆ ಎಂಬುದನ್ನು ಓದುಗರಲ್ಲಿ ಅನೇಕರು ಎದ್ದು ಹೋಗಿರಬಹುದಾದ ಪತ್ರದ ಕೊನೆಯ ಭಾಗದಲ್ಲಿ ನಿವೇದಿಸಿಕೊಳ್ಳುತ್ತೇನೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ತಮಗೆ ಓದಲು ಬರುವುದಿಲ್ಲ, ಮತ್ತು ಓದಬೇಕಾದ ಒಬ್ಬರು ಮನೆಯಲ್ಲಿ ನನ್ನ ಮಾತನ್ನು ಸದ್ಯಕ್ಕೆ ಕೇಳಿಸಿಕೊಳ್ಳುತ್ತಿಲ್ಲ.

ತಮಗೆ ನಾನು ಲುಂಗಿ ಉಟ್ಟು ಹುಲ್ಲು ಹಾಕುವವನಾಗಿ ಮಾತ್ರ ಗೊತ್ತಿರುವುದರಿಂದ ಸ್ವಲ್ಪ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಮಾಲೂರಿನ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಶೃಂಗಾರ ರಸದ ಮೇಲೆ ಟಿಪ್ಪಣಿ ನೋಡದೆ, ನೀರು ಕುಡಿಯದೆ, ಒಂದು ಗಂಟೆ ನಿರರ್ಗಳವಾಗಿ ಮಾತಾಡಬಲ್ಲವನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳಲ್ಲಿ ನಾನೊಬ್ಬನೇ ಎಂದು ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿದೆ. ಆ ಸಂಚಿಕೆಯ ಸಂಪಾದಕನೂ ನಾನೇ ಎಂಬುದು ಇಲ್ಲಿ ಅಪ್ರಸ್ತುತ.

ಇಂಥ ನನಗೆ ಬೈರಕೂರಿನ ಪವಿತ್ರಳೊಂದಿಗೆ ಮದುವೆ ನಿಶ್ಚಯವಾದಾಗ, ಮಧುಚಂದ್ರಕ್ಕೆ ಮುಂಬಯಿಯೆಂದೂ, ಅಲ್ಲಿ ಹತ್ತು ದಿನದ ವಾಸ್ತವ್ಯವೆಂದೂ ಸಿಬ್ಬಂದಿ ಕೊಠಡಿಯಲ್ಲಿ ಘೋಷಿಸಿದೆ. ಶ್ರೀನಿವಾಸಪುರದ ಮಾವಿನ ಮಂಡಿ ಮನೆತನದಿಂದ ಬಂದ ಅರ್ಥಶಾಸ್ತ್ರದ ಅಫ್ಸರ್ ಅವರು ಟೀ ಲೋಟ ಕೆಳಗಿಟ್ಟು, "ಹತ್ತು ದಿನಾನಾ ಸಾರ್? ಮುಂಬೈ ನೋಡೋಕೆ ಹೋಗ್ತಿದ್ದೀರೋ, ಜನಗಣತಿ ಡ್ಯೂಟಿಗೋ?" ಎಂದರು. ಹಣ್ಣು ಮಾಗುವುದಕ್ಕೂ ಕೊಳೆಯುವುದಕ್ಕೂ ನಡುವೆ ಸಿಗುವ ದಿನಗಳ ಲೆಕ್ಕದಲ್ಲಿ ಬೆಳೆದವರು. ಅವರ ಪ್ರಕಾರ ಮೂರು ದಿನಕ್ಕೆ ಊರು ಮಾಗುತ್ತದೆ, ಐದಕ್ಕೆ ಗಂಡಹೆಂಡಿರು. ಮನೆಯಲ್ಲಿ ತಂದೆ ಕೋದಂಡರಾಮಪ್ಪನವರು ಎರಡು ದಿನ ಎಂದರು. ತಾಯಿ ಅನಸೂಯಮ್ಮನವರು, ಊರೆಂದ ಮೇಲೆ ಒಂದು ದಿನ ನೋಡಿದರೆ ಸಾಕು, ಮಿಕ್ಕ ದಿನವೂ ಅದೇ ಊರು ತಾನೇ ಎಂದರು. ಕೊನೆಗೆ ಅಫ್ಸರ್ ಅವರೇ, ಹುಡುಗಿಯನ್ನು ಕೇಳಿದಿರಾ ಎಂದು ವಿಚಾರಿಸಿದರು. ಆ ದಿಕ್ಕಿನಲ್ಲಿ ಯಾರೂ ಯೋಚಿಸಿರಲಿಲ್ಲ. ಫೋನಿನಲ್ಲಿ ಕೇಳಿದೆ. ಸಮುದ್ರವನ್ನೇ ಕಾಣದ ಪವಿತ್ರ, "ಸಮುದ್ರ ನೋಡಿ ನೋಡಿ ಬೇಜಾರಾಗೋವರ್ಗೂ ಇರೋಣಾರೀ" ಎಂದಳು. ಈ ಅಳತೆ ಯಾವ ರೈಲ್ವೆ ಟಿಕೆಟ್ಟಿಗೂ ಹೊಂದದ ಕಾರಣ, ಮನೆಯ ಯಜಮಾನನಾಗಲಿರುವವನ ಗಾಂಭೀರ್ಯದಿಂದ ನಾನು ಆರು ದಿನ ಎಂದು ಅಂತಿಮ ತೀರ್ಮಾನ ಕೊಟ್ಟೆ.

ಆಗಿನ್ನೂ ತಾವು ಬಂದಿರಲಿಲ್ಲ.

ಮದುವೆಯಾದ ಮರುವಾರ, ತವರಿನ ಬಳುವಳಿಯಾಗಿ, ಟೆಂಪೊದಲ್ಲಿ ನಿಂತೇ ಪ್ರಯಾಣ ಮಾಡಿ, ಹಣೆಯ ಬಿಳಿ ಮಚ್ಚೆಯನ್ನು ಊರಿಗೆಲ್ಲ ತೋರಿಸುತ್ತ ತಾವು ದಯಮಾಡಿಸಿದಿರಿ. ಅಂದು ಸಂಜೆಯೇ ತಮ್ಮ ನಿಯಮ ಪ್ರಕಟವಾಯಿತು: ಪವಿತ್ರಳ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲಿಲ್ಲ. ಮೂವತ್ತು ವರ್ಷದಿಂದ ಹಸು ಕರೆದ ನನ್ನ ತಾಯಿಯವರು ಕೂತರೆ ತಾವು ಹಾಲನ್ನು ಮೇಲಕ್ಕೆಳೆದುಕೊಂಡು, ಬ್ಯಾಂಕಿನವರು ಊಟದ ಹೊತ್ತಿಗೆ ಕಿಟಕಿ ಮುಚ್ಚಿದಂತೆ ಮುಖ ತಿರುಗಿಸಿದಿರಿ. ತಮ್ಮ ಸ್ವಂತ ಕರುವನ್ನು ತಂದು ನಿಲ್ಲಿಸಿದರೆ ಅದನ್ನು ದೂರದ ನೆಂಟನಂತೆ ಒಂದು ಸಲ ನೆಕ್ಕಿ ಕಳಿಸಿಕೊಟ್ಟಿರಿ. ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆಂದು ಪಶುವೈದ್ಯರು ಎಚ್ಚರಿಸಿದರು. ತಮ್ಮದು ಕೆಚ್ಚಲಿನ ಪ್ರಶ್ನೆ, ನನ್ನದು ಕೆಚ್ಚೆದೆಯ ಪ್ರಶ್ನೆ. ಪವಿತ್ರಳನ್ನು ಬಿಟ್ಟು ಮಧುಚಂದ್ರಕ್ಕೆ ಹೋಗುವ ಸಾಧ್ಯತೆಯನ್ನೂ ನಮ್ಮ ತಂದೆಯವರು ಪ್ರಾಮಾಣಿಕವಾಗಿ ಪರಿಶೀಲಿಸಿದರು.

ಆಮೇಲೆ ಮಧುಚಂದ್ರದ ತಾಲೀಮು ನಡೆಯಿತು. ಪವಿತ್ರಳನ್ನು ಮುನಿಯಲ್ಲಪ್ಪನವರ ಮನೆಯಲ್ಲಿ ಅಡಗಿಸಿ, ಅದನ್ನೇ ಮುಂಬಯಿ ಎಂದು ಭಾವಿಸಿಕೊಂಡು, ತಾಯಿಯವರು ಸೊಸೆಯ ಹಳದಿ ಹೂವಿನ ನೈಟಿ ತೊಟ್ಟು ಬಂದು ತಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ತಾವು ನೈಟಿಯನ್ನು ಮೂಸಿದಿರಿ, ಆಮೇಲೆ ಮುಖ ನೋಡಿದಿರಿ, ಮತ್ತೆ ನೈಟಿ ನೋಡಿದಿರಿ. ಹಾಲ್ ಟಿಕೆಟ್ಟಿನ ಫೋಟೊವನ್ನೂ ಅಭ್ಯರ್ಥಿಯನ್ನೂ ಇಷ್ಟು ಶ್ರದ್ಧೆಯಿಂದ ತಾಳೆ ನೋಡುವ ಮೇಲ್ವಿಚಾರಕರು ನಮ್ಮ ಪರೀಕ್ಷಾ ಕೇಂದ್ರಗಳಲ್ಲಿದ್ದಿದ್ದರೆ ನಾಡಿನ ಶಿಕ್ಷಣ ಎಂದೋ ಉದ್ಧಾರವಾಗುತ್ತಿತ್ತು. ಬಕೆಟ್ಟು ಕಲ್ಲಿನ ತೊಟ್ಟಿಯವರೆಗೆ ಹೋಗಿ ಬಿತ್ತು. ಅದನ್ನು ಕೇಳಲಾರದೆ ಗೋಡೆಯ ಆಚೆಯಿಂದ ಪವಿತ್ರ, ಅಡಗಿರುವುದನ್ನು ಮರೆತು, ಬೈರಕೂರಿನಲ್ಲಿ ತಮಗೆ ದಿನವೂ ಹೇಳುತ್ತಿದ್ದ ತೆಲುಗು ಮಾತನ್ನು ಹೇಳಿಯೇಬಿಟ್ಟಳು: "ನಾ ತಲ್ಲಿ, ನಾ ಬಂಗಾರು, ನಾ ಮೀದ ಕೋಪಮಾ?"

ನನ್ನ ತಾಯಿ, ನನ್ನ ಚಿನ್ನ, ನನ್ನ ಮೇಲೆ ಕೋಪವೇ, ಇಷ್ಟೇ. ತಾಯಿಯವರ ಕೈಯಲ್ಲೇ ತಮ್ಮ ಹಾಲು ಸರ್ರೆಂದು ಇಳಿಯಿತು.

ವಿಷಯ ತಿಳಿಯಿತು. ತಾವು ನೋಡುತ್ತಿದ್ದದ್ದು ಕೈಯನ್ನಲ್ಲ, ಕೇಳುತ್ತಿದ್ದದ್ದು ಮಾತನ್ನು. ಕನ್ನಡ ಅಧ್ಯಾಪಕನ ಮನೆಯಲ್ಲಿ ಕನ್ನಡಕ್ಕೆ ಬಗ್ಗದ ಹಸು ಎಂಬ ಕೀರ್ತಿಯನ್ನು ತಾವು ನನಗೆ ದಯಪಾಲಿಸಿದಿರಿ. ತೆಲುಗು ನಮ್ಮ ಸೀಮೆಯಲ್ಲಿ ಎಲ್ಲರ ಕಿವಿಗೂ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ನಾಲಗೆಗೆ ಇಳಿದಿರಲಿಲ್ಲ. ಪವಿತ್ರಳ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಟ್ಟು ಕೇಳಿಸಿದೆವು. ಎರಡು ಹೊತ್ತು ಸಹಿಸಿದಿರಿ, ಮೂರನೆಯ ಹೊತ್ತಿಗೆ, ಹಳೆಯ ನೋಟ್ಸನ್ನೇ ಓದುವ ಅಧ್ಯಾಪಕನನ್ನು ಹಿಂದಿನ ಬೆಂಚಿನವರು ಗುರುತಿಸುವಂತೆ ಗುರುತಿಸಿ ಒದ್ದಿರಿ. ಕೊನೆಗೆ ತಂದೆಯವರು, ಕೊಟ್ಟಿಗೆಯ ಕಂಬಕ್ಕೆ ಫೋನು ಕಟ್ಟುವುದೆಂದೂ, ಮುಂಬಯಿಯಿಂದ ಎರಡು ಹೊತ್ತೂ ಪವಿತ್ರ ನೇರವಾಗಿ ಮಾತಾಡುವುದೆಂದೂ ತೀರ್ಪು ಕೊಟ್ಟರು. ಹೀಗೆ, ಕರೆ ಮಾಡಿ ಹಾಲು ಕರೆಯುವ ವಿಧಾನ ನಮ್ಮ ಹೋಬಳಿಯಲ್ಲಿ ಜಾರಿಗೆ ಬಂದು, ಬೇಸಿಗೆ ರಜೆಯಲ್ಲಿ ನಾವಿಬ್ಬರೂ ರೈಲು ಹತ್ತಿದೆವು.

ಆ ನಗರದ ಬಗ್ಗೆ ನಾನು ಹೇಳಬಹುದಾದದ್ದೆಂದರೆ, ಅದು ತಮ್ಮ ಎರಡು ಕರಾವಿನ ನಡುವೆ ಇದೆ. ಬೆಳಗಿನ ಜಾವ ಲಾಡ್ಜಿನ ಕೋಣೆಯಲ್ಲಿ ತಮಗೆ ಸುಪ್ರಭಾತ. ಸಂಜೆ ಎಲ್ಲಿದ್ದರೂ ಓಡಿ ಸಮುದ್ರದ ಕಟ್ಟೆಗೆ ಬಂದು ಕೂತು ತಮಗೆ ಸಮಾಧಾನ. ಅಕ್ಕಪಕ್ಕದ ಜೋಡಿಗಳು ಒಬ್ಬರ ಹೆಗಲಿಗೊಬ್ಬರು ಒರಗಿ ಕೂತಿರುವಾಗ ನಾವು ಫೋನಿಗೆ ಒರಗಿ, ಸಾವಿರ ಕಿಲೋಮೀಟರಿನಾಚೆಯ ಬಕೆಟ್ಟಿನಲ್ಲಿ ನೊರೆ ಏರುವ ಸದ್ದು ಕೇಳಿಸಿಕೊಳ್ಳುತ್ತಿದ್ದೆವು. ಪವಿತ್ರಳಿಗೆ ಬೇಸರವೇನೂ ಇರಲಿಲ್ಲ. ಒಂದು ಕಣ್ಣಿನಲ್ಲಿ ಸಮುದ್ರ, ಒಂದು ಕಿವಿಯಲ್ಲಿ ತಾವು. ಅವಳ ಮುಖ ನೋಡಿದರೆ ಆ ಕಟ್ಟೆ ಬಿಟ್ಟು ಏಳುವ ಅಂದಾಜೇ ಕಾಣುತ್ತಿರಲಿಲ್ಲ.

ಮೂರನೆಯ ದಿನ, ಬೀದಿ ಬದಿಯ ಐಸ್ ಗೋಲಾ ಒಂದರ ಮೇಲೊಂದು ತಿಂದು ಅವಳ ಗಂಟಲು ಕಟ್ಟಿತು. ಸಂಜೆ ಕರಾವಿನ ಹೊತ್ತು. ಕಂಬದ ಮೇಲಿನ ಫೋನಿನಲ್ಲಿ ತಾಯಿಯವರ ಅವಸರ, ಬಕೆಟ್ಟು ಉರುಳಿದ ಸದ್ದು. ಪವಿತ್ರ ಫೋನನ್ನು ನನ್ನ ಬಾಯಿಗೆ ಹಿಡಿದಳು. ಚಂದ್ರಿಯವರೇ, ಆ ಜನಸಾಗರದ ಮುಂದೆ, ನಿಜವಾದ ಸಾಗರದ ಮುಂದೆ, ನಾನು ಆ ಮೂರು ಮಾತುಗಳನ್ನು ಹೇಳಿದೆ. ಮೊದಲ ಸಲ ಪಾಠದ ಧ್ವನಿ ಬಂತು, ತಾವು ಕದಲಲಿಲ್ಲ. ಎರಡನೆಯ ಸಲ, ಅದೆಲ್ಲಿತ್ತೋ ಕಾಣೆ, ಬೇರೆಯೇ ಧ್ವನಿ ಬಂತು. ಹಾಲು ಇಳಿಯಿತು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹುಡುಗಿಯೊಬ್ಬಳು ಪವಿತ್ರಳನ್ನು ಅಸೂಯೆಯಿಂದ ನೋಡಿದಳು.

ಪವಿತ್ರಳೂ ನನ್ನನ್ನೇ ನೋಡುತ್ತಿದ್ದಳು. ಕಟ್ಟಿದ ಗಂಟಲಿನಲ್ಲೇ, "ಈ ಮಾತು ನಂಗೊಂದಿನಾನೂ ಅಂದಿಲ್ವಲ್ರೀ ನೀವು" ಎಂದಳು.

ನಾನು ಅವಳಿಗೆ ಸಂಭೋಗ ಶೃಂಗಾರಕ್ಕೂ ವಿಪ್ರಲಂಭ ಶೃಂಗಾರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದೆ. ಅವಳು ಸಮುದ್ರದ ಕಡೆ ತಿರುಗಿಕೊಂಡಳು.

ತಾವು ನನಗೆ ಮಾಡಿದ ನಿಜವಾದ ಅನ್ಯಾಯ ಇದರ ಮರುದಿನದ್ದು. ಬೆಳಿಗ್ಗೆ, ಪವಿತ್ರ ಸ್ನಾನಕ್ಕೆ ಹೋಗಿದ್ದಾಗ, ತಾಯಿಯವರೇ ಫೋನು ಮಾಡಿದರು. ಕಂಬದ ಮೇಲಿನ ಮಾತನ್ನು ಕೇಳಿ ಕೇಳಿ ಅವರಿಗೇ ಬಾಯಿಪಾಠವಾಗಿತ್ತಂತೆ. "ನಾನೇ ಅಂದ್ನಪ್ಪ, ಪಾಪ, ಸುಮ್ನೆ ನಿಂತ್ಕೊಂಡು ಕೊಡ್ತು. ಇನ್ನ ಫೋನ್ ಮಾಡ್ಬೇಡಿ. ಬೇಕಂದ್ರೆ ಇನ್ನೊಂದು ವಾರ ಇದ್ದೇ ಬನ್ನಿ" ಎಂದರು. ಮದುವೆ ನಿಶ್ಚಯವಾದಂದಿನಿಂದ ಎಲ್ಲರೂ ಕತ್ತರಿಸುತ್ತಲೇ ಬಂದಿದ್ದ ನಮ್ಮ ದಿನಗಳಿಗೆ ಮೊದಲ ಸಲ ಯಾರೋ ದಿನ ಸೇರಿಸಿದ್ದರು. ನಾನು ಸಂತೋಷಪಡಬೇಕಾಗಿತ್ತು. ಆದರೆ ನನಗೆ ಕಂಡದ್ದು ಮುಂದಿನ ಸಂಜೆಗಳು: ಕಟ್ಟೆ, ಸಮುದ್ರ, ಪಕ್ಕದಲ್ಲಿ ಕಾಯುತ್ತ ಕೂತ ಹೆಂಡತಿ, ಮತ್ತು ಮಾತಾಡಿಸಲು ಹಸುವಿಲ್ಲ.

ಸ್ನಾನ ಮುಗಿಸಿ ಬಂದವಳಿಗೆ, ಚಂದ್ರಿ ಮತ್ತೆ ಹಾಲು ಬಿಡುತ್ತಿಲ್ಲವಂತೆ, ಕೆಚ್ಚಲು ಗಟ್ಟಿಯಾಗುತ್ತಿದೆಯಂತೆ, ಹೊರಡೋಣ ಎಂದೆ. ಅವಳು ತಮ್ಮ ಮೇಲಿನ ಕಳಕಳಿಯಿಂದ ಬಟ್ಟೆ ಮಡಿಸಿದಳು. ಆರು ದಿನದ ಮಧುಚಂದ್ರ ನಾಲ್ಕನೆಯ ದಿನಕ್ಕೆ ಚಂದ್ರಿಗ್ರಹಣ ಹಿಡಿದು ಮುಗಿಯಿತು. ಊರಿಗೆ ಬಂದು ನೋಡಿದರೆ, ತಾವು ನಮ್ಮ ತಾಯಿಯವರ ಭುಜಕ್ಕೆ ಮೂತಿ ಒರಗಿಸಿ ನಿಂತಿದ್ದೀರಿ, ಬಕೆಟ್ಟು ತುಂಬಿದೆ. ಎರಡು ದಿನವಾದರೂ ಕೆಚ್ಚಲು ಗಟ್ಟಿ ಮಾಡಿಕೊಂಡು ನನ್ನ ಮಾನ ಕಾಯಲು ತಮಗೇನು ಕಷ್ಟವಿತ್ತು? ಪವಿತ್ರ ತಮ್ಮನ್ನು ನೋಡಿದಳು, ನನ್ನನ್ನು ನೋಡಿದಳು. "ನಂಗಿನ್ನೂ ಬೇಜಾರಾಗಿರ್ಲಿಲ್ಲ" ಎಂದಳು. ಅಂದಿನಿಂದ ನನ್ನೊಂದಿಗೆ ಉಪ್ಪು, ಹುಳಿ, ಬಸ್ಸಿನ ಹೊತ್ತು, ಇಷ್ಟನ್ನೇ ಮಾತಾಡುತ್ತಾಳೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಗಳು. ಈ ದಸರೆ ರಜೆಗೆ ಮತ್ತೆ ಅದೇ ಊರಿಗೆ, ಅವಳ ಅಳತೆಯ ಪ್ರಕಾರ, ಬೇಸರವಾಗುವವರೆಗೆ ಎಂದು ಹೋಗುವ ಆಸೆಯಿದೆ. ಹಿಂದಿರುಗುವ ಟಿಕೆಟ್ಟು ತೆಗೆಸಿಲ್ಲ. ಅಷ್ಟರಲ್ಲಿ ತಾಯಿಯವರ ಬಾಯಿಪಾಠವೂ ತಮಗೆ ಹಳಸಿದರೆ, ಆ ಅವಧಿಗೆ ತಾವು ಸಾಂದರ್ಭಿಕ ರಜೆ ಹಾಕಿ ಹಾಲನ್ನು ತಾತ್ಕಾಲಿಕವಾಗಿ ಮುಂದೂಡಬೇಕು, ಅದಾಗದಿದ್ದರೆ ಕರಾವಿನ ಹೊತ್ತನ್ನು ಸಮುದ್ರದ ಉಬ್ಬರವಿಳಿತಕ್ಕೆ ಹೊಂದಿಸಿಕೊಳ್ಳಬೇಕು. ನವೆಂಬರ್ ತಿಂಗಳಲ್ಲಾದರೂ ಕನ್ನಡಕ್ಕೆ ಓಗೊಡಬೇಕು. ಕೊನೆಯದಾಗಿ, ಆ ಮೂರು ಮಾತುಗಳನ್ನು ಅವಳಿಗೇ ಹೇಳಬೇಕೆಂದು ನಿಶ್ಚಯಿಸಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ನಾನು ತಮ್ಮ ಎದುರು ನಿಂತು ಅಭ್ಯಾಸ ಮಾಡುತ್ತಿರುವುದು ತಮಗೆ ಗೊತ್ತಿದೆ. ಪ್ರತಿ ಸಲವೂ ತಾವು ಕರಗಿ, ಬಕೆಟ್ಟಿಲ್ಲದ ನೆಲಕ್ಕೆ ಹಾಲು ಸುರಿಸುವುದನ್ನು ದಯವಿಟ್ಟು ನಿಲ್ಲಿಸಬೇಕು. ಬೆಕ್ಕು ಈಗ ನಮ್ಮ ಗೋಡೆಯ ಹತ್ತಿರ ಸುಳಿಯುತ್ತಿಲ್ಲ.

ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ತಮ್ಮ ವಿಶ್ವಾಸಿ,
ಕದಿರೇಶ

ತಾ.ಕ.: ಈ ಪತ್ರ ಮುಗಿಸಿ, ಅಂಚೆಗೆ ಹಾಕುವ ಮುನ್ನ ಕೊನೆಯ ಅಭ್ಯಾಸಕ್ಕೆಂದು ಸಂಜೆ ಕೊಟ್ಟಿಗೆಗೆ ಬಂದದ್ದು ತಮಗೆ ನೆನಪಿರಬಹುದು. ಮೂರನೆಯ ಮಾತಿಗೆ ತಾವು ಎಂದಿನಂತೆ ನೆಲ ಒದ್ದೆ ಮಾಡಿದಿರಿ. ಆಗ ಹುಲ್ಲಿನ ಹೊರೆಯ ಹಿಂದಿನಿಂದ, "ಆ ತಲ್ಲಿ ಅನ್ನೋದೊಂದು ತೆಗ್ದುಬಿಡಿ, ಮಿಕ್ಕಿದ್ದು ಸರಿಯಾಗೈತೆ" ಎಂಬ ಮಾತು ಬಂತು. ಎಷ್ಟು ದಿನದಿಂದ ಅಲ್ಲಿ ನಿಂತು ಕೇಳುತ್ತಿದ್ದಳೋ, ತಾವಂತೂ ನನಗೆ ಸೂಚನೆ ಕೊಡಲಿಲ್ಲ. ಪವಿತ್ರ ಎದುರಿಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಮುಖವನ್ನೇ ನೋಡುತ್ತ ಕಾಯುತ್ತ ನಿಂತಳು. ನಾಲ್ಕು ತಾಲ್ಲೂಕುಗಳಲ್ಲಿ ಒಂದು ಗಂಟೆ ನಿರರ್ಗಳವಾಗಿ ಮಾತಾಡಬಲ್ಲ ಏಕೈಕ ಅಧ್ಯಾಪಕನಾದ ನಾನು ಗಂಟಲು ಸರಿಪಡಿಸಿಕೊಂಡು, ಬೆಳಗಿನ ಹಾಲಿಗೆ ಡೈರಿಯಲ್ಲಿ ಫ್ಯಾಟು ಎಷ್ಟು ಬಂತು ಎಂದು ಕೇಳಿದೆ.